ಬಯೋಕೆಮಿಸ್ಟ್ರಿ ಪಿಎಚ್‌ಡಿಗೆ ಗೈಡ್ ಆರಿಸುವಾಗ ಏನು ನೋಡಬೇಕು?

ದಾವಣಗೆರೆಯಲ್ಲಿ ಎಂಎಸ್ಸಿ ಮುಗಿಸಿದ್ದೀರಿ, ಹೆಸರುವಾಸಿ ಪ್ರೊಫೆಸರ್ ಒಬ್ಬರು, ಹೊಸ ಅಧ್ಯಾಪಕಿ ಒಬ್ಬರು ಇಬ್ಬರೂ ಒಪ್ಪಿದ್ದಾರೆ, ಯಾರ ಹತ್ತಿರ ಸೇರಲಿ ಅಂತ ಕೇಳಿದ್ದೀರಿ.

ಬರೀ ಹೆಸರು ನೋಡಿ ತೀರ್ಮಾನ ಮಾಡಬೇಡಿ. ಇಬ್ಬರ ಲ್ಯಾಬಿನ ವಿದ್ಯಾರ್ಥಿಗಳನ್ನೂ ಮಾತಾಡಿಸಿ. ಲ್ಯಾಬಿನೊಳಗೆ ಬೇಡ, ಹೊರಗೆ ಟೀ ಕುಡಿಯುತ್ತಾ. ಪ್ರಯೋಗ ಕೈಕೊಟ್ಟಾಗ ಗೈಡ್ ಕೂತು ಡೇಟಾ ನೋಡುತ್ತಾರಾ, ಸುಮ್ನೆ ಬೈಯುತ್ತಾರಾ? ಡ್ರಾಫ್ಟ್ ತಿದ್ದಿ ಕೊಡಲು ಎಷ್ಟು ದಿನ? ಪೇಪರಿನಲ್ಲಿ ಮೊದಲ ಹೆಸರು ಕೆಲಸ ಮಾಡಿದವರದ್ದೇನಾ? ಮಧ್ಯದಲ್ಲಿ ಬಿಟ್ಟುಹೋದವರಿದ್ದರೆ ಹುಡುಕಿ ಕೇಳಿ. ನನ್ನ ಪ್ರಕಾರ ಅವರ ಮಾತಿಗೆ ತೂಕ ಜಾಸ್ತಿ.

ಯುಜಿಸಿಯ 2022ರ ನಿಯಮದಂತೆ ಪ್ರೊಫೆಸರ್ ಒಂದೇ ಸಲಕ್ಕೆ 8, ಅಸಿಸ್ಟೆಂಟ್ ಪ್ರೊಫೆಸರ್ 4 ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡಬಹುದು. ಎಂಟನೆಯವರಾಗಿ ಸೇರಿದರೆ ಅವರ ಸಮಯ ಸಿಗುವುದು ಕಷ್ಟ ಅಲ್ವಾ? ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಇದನ್ನೂ ವಿಚಾರಿಸಿ.

ಭಾರತದ ಪಿಎಚ್‌ಡಿ ಥೀಸಿಸ್‌ಗಳ ಆನ್‌ಲೈನ್ ಸಂಗ್ರಹವಾದ ಶೋಧಗಂಗಾದಲ್ಲಿ ಅವರ ಹಳೆಯ ವಿದ್ಯಾರ್ಥಿಗಳ ಥೀಸಿಸ್ ಸಿಕ್ಕರೆ ಓದಿ. ಪ್ರಾಜೆಕ್ಟ್ ಹಣ ಯಾವಾಗ ಮುಗಿಯುತ್ತದೆ ಅಂತ ಸಂಕೋಚವಿಲ್ಲದೆ ಕೇಳಿ, ಪ್ರಯೋಗಕ್ಕೆ ಬೇಕಾಗುವ ಆಂಟಿಬಾಡಿ, ಕಿಟ್‌ಗಳು ತುಂಬಾ ದುಬಾರಿ. ರೋಗಿಗಳ ರಕ್ತದ ಸ್ಯಾಂಪಲ್ ಬೇಕಾದ ವಿಷಯವಾದರೆ ಆಸ್ಪತ್ರೆಯ ಒಪ್ಪಿಗೆ, ಎಥಿಕ್ಸ್ ಸಮಿತಿಯ ಅನುಮತಿ ಎರಡೂ ಬೇಕು. ಅದನ್ನು ಮೊದಲೇ ಮಾಡಿಸಿ ಅನುಭವವಿರುವ ಗೈಡ್ ಸಿಕ್ಕರೆ ನಿಮ್ಮ ಎಷ್ಟೋ ತಿಂಗಳು ಉಳಿಯುತ್ತದೆ.