ಇಳಕಲ್‌ನಿಂದ ನೇರ ಲಂಡನ್‌ಗೆ ಸೀರೆ ಕಳಿಸಿದರೆ ವ್ಯಾಟ್ ಯಾವಾಗಿನಿಂದ ಕಟ್ಟಬೇಕು?

ಮಾಲು ನಿಮ್ಮ ಕೈಗೆ ಬಾರದೆ ಇಳಕಲ್‌ನ ನೇಕಾರರಿಂದಲೇ ಬ್ರಿಟನ್ನಿನ ಗಿರಾಕಿಗೆ ಹೋಗುತ್ತದೆ. ನಮ್ಮ ಜಿಎಸ್‌ಟಿ ನೋಂದಣಿಗೆ 40 ಲಕ್ಷದ ವಹಿವಾಟಿನ ಮಿತಿ ಇರುವ ಹಾಗೆ, ಅಲ್ಲಿಯ ಮಾರಾಟ ತೆರಿಗೆಯಾದ ವ್ಯಾಟ್‌ಗಿರುವ 90,000 ಪೌಂಡ್ ಮಿತಿ ದಾಟುವ ತನಕ ಸುಮ್ಮನಿರಬಹುದೇ ಅಂತ ಕೇಳಿದ್ದೀರಿ. ಇರುವಂತಿಲ್ಲ. ಆ ಮಿತಿ ಬ್ರಿಟನ್ನಿನಲ್ಲಿ ನೆಲೆ ಇರುವ ವ್ಯಾಪಾರಿಗಳದ್ದು. ಬೆಂಗಳೂರಿನಲ್ಲಿ ಕೂತು ಸ್ವಂತ ವೆಬ್‌ಸೈಟಿನಿಂದ ಅಲ್ಲಿನ ಮನೆಗಳಿಗೆ 135 ಪೌಂಡ್ ಒಳಗಿನ ಪಾರ್ಸೆಲ್ ಕಳಿಸುವವರಿಗೆ 2021ರ ಜನವರಿ 1ರಿಂದ ಮೊದಲ ಆರ್ಡರಿಗೇ ವ್ಯಾಟ್ ನೋಂದಣಿ ಬೇಕು.

ನಾನು ನೋಂದಣಿ ಮಾಡಿಸಿಯೇ ಶುರು ಮಾಡಿದ್ದೆ. ಹೊಡೆತ ಬಿದ್ದದ್ದು ‘ಶಿಪ್ಪಿಂಗ್ ಉಚಿತ’ ಎಂಬ ಎರಡು ಪದದಿಂದ. ಸೀರೆಗೆ 130 ಪೌಂಡ್, ಸಾಗಣೆಗೆ 14. ಎರಡನ್ನೂ ಸೇರಿಸಿ 144 ಅಂತ ಬೆಲೆ ಹಾಕಿ, ಮೇಲೆ 20% ವ್ಯಾಟ್ 28.80 ಹಿಡಿದು 172.80 ವಸೂಲು ಮಾಡಿದೆ. 135ರ ಲೆಕ್ಕಕ್ಕೆ ಬರುವುದು ವ್ಯಾಟ್ ಬಿಟ್ಟ ಮಾಲಿನ ಬೆಲೆ. ಸಾಗಣೆ ಖರ್ಚನ್ನು ಅದರಿಂದ ಕಳೆಯಬೇಕಾದರೆ ಬಿಲ್ಲಿನಲ್ಲಿ ಅದು ಬೇರೆ ಸಾಲಿನಲ್ಲಿ ಕಾಣಬೇಕು. ಕಾಣಲಿಲ್ಲ, ಹಾಗಾಗಿ ಕಸ್ಟಮ್ಸ್ ಕಣ್ಣಿಗೆ ಅದು 144ರ ಮಾಲು. 135 ದಾಟಿದರೆ ವ್ಯಾಟ್ ಗಡಿಯಲ್ಲಿ ಬೀಳುತ್ತದೆ, ಆಮದು ಸುಂಕವೂ ಸೇರಬಹುದು, ಕೊರಿಯರಿನವರು ತಮ್ಮ ಶುಲ್ಕವನ್ನೂ ಹಾಕುತ್ತಾರೆ. ಒಮ್ಮೆ ತೆರಿಗೆ ಕೊಟ್ಟಿದ್ದ ಗಿರಾಕಿ ಬಾಗಿಲಲ್ಲಿ ಮತ್ತೆ ದುಡ್ಡು ಕೇಳಿದ್ದಕ್ಕೆ ಪಾರ್ಸೆಲ್ ತೆಗೆದುಕೊಳ್ಳಲಿಲ್ಲ, ಅವರದೇನೂ ತಪ್ಪಿಲ್ಲ. ಪೂರ್ತಿ ಹಣ ವಾಪಸ್, ಹೋಗಿ ಬರುವ ಸಾಗಣೆ ಎರಡೂ ನನ್ನ ತಲೆಗೆ. ಅದೇ ಬಿಲ್ಲನ್ನು 130, 14, 28.80 ಅಂತ ಮೂರು ಸಾಲು ಮಾಡಿದ್ದರೆ ಗಿರಾಕಿ ಕೊಡುವುದು ಅದೇ 172.80, ಸುಂಕ ಸೊನ್ನೆ.

ಮಿತಿಯನ್ನು ನೋಡುವುದು ಇಡೀ ಪಾರ್ಸೆಲ್ಲಿಗೆ. ತಲಾ 70ರ ಎರಡು ಸೀರೆ ಒಂದೇ ಡಬ್ಬಿಯಲ್ಲಿ ಹೋದರೆ 140. ಅಂಥ ಆರ್ಡರಿಗೆ ಚೆಕೌಟಿನಲ್ಲಿ ವ್ಯಾಟ್ ಹಿಡಿಯಬೇಡಿ. ಸುಂಕ, ತೆರಿಗೆ ನೀವೇ ಕಟ್ಟುವ ಡಿಡಿಪಿ ಸೇವೆಯಲ್ಲಿ ಕಳಿಸಿ, ಆ ಖರ್ಚನ್ನು ಬೆಲೆಯಲ್ಲೇ ಸೇರಿಸಿ. ‘ಗಿರಾಕಿಯೇ ಕಟ್ಟಲಿ’ ಅನ್ನುವ ದಾರಿ ಕಾನೂನಿನಲ್ಲಿದೆ, ಆದರೆ ಅದರಲ್ಲಿ ಪಾರ್ಸೆಲ್ ವಾಪಸ್ ಬರುವ ಭಯ ತಪ್ಪುವುದಿಲ್ಲ. ಅಂಗಡಿ ತೆರೆಯುವ ಮೊದಲು 130ಕ್ಕೊಂದು, 144ಕ್ಕೊಂದು ಪರೀಕ್ಷಾ ಆರ್ಡರ್ ಹಾಕಿ, ಮೊದಲನೆಯದಕ್ಕೆ ಮಾತ್ರ ವ್ಯಾಟ್ ಸೇರುತ್ತದೆಯೇ ನೋಡಿ.

ಎಟ್ಸಿ, ಅಮೆಜಾನ್ ಮೂಲಕ ಮಾರಿದರೆ 135ರ ಒಳಗಿನ ವ್ಯಾಟ್ ಅವರೇ ಹಿಡಿದು ಕಟ್ಟುತ್ತಾರೆ.

ಮಾಲು ನೇರ ನೇಕಾರರಿಂದ ಹೋಗುವಾಗ ಇನ್ನೊಂದು ಎಡವಟ್ಟು ಆಗುತ್ತದೆ. ಅವರು ಡಬ್ಬಿಯ ಮೇಲೆ ನಿಮಗೆ ಮಾರಿದ ದರ ಬರೆದುಬಿಡುತ್ತಾರೆ. ಗಿರಾಕಿ 130 ಪೌಂಡ್ ಕೊಟ್ಟ ಸೀರೆಗೆ 4,200 ರೂಪಾಯಿ ಅಂತ ಇದ್ದರೆ ಅದು ಕಡಿಮೆ ಮೌಲ್ಯ ತೋರಿಸಿದ ಹಾಗೆ. ನಿಮ್ಮ ಬಿಲ್ಲಿನ ಪಿಡಿಎಫ್ ಅವರಿಗೆ ಕಳಿಸಿ. ಜಿಬಿ ಅಂತ ಶುರುವಾಗುವ ನಿಮ್ಮ ವ್ಯಾಟ್ ಸಂಖ್ಯೆ ಅದರಲ್ಲಿರಲಿ. ಮುದ್ರಿಸಿ ಡಬ್ಬಿಯ ಹೊರಗಿನ ಪ್ಲಾಸ್ಟಿಕ್ ಚೀಲದಲ್ಲಿ ಅದನ್ನೇ ಇಡಲಿ, ಅವರ ಬಿಲ್ ಇಮೇಲಿನಲ್ಲಿ ನಿಮಗೆ ಬರಲಿ. ರಫ್ತು ಕಾಗದದಲ್ಲಿ ನಿಮ್ಮ ಹೆಸರು, ನಿಮ್ಮ ಐಇಸಿ (ಆಮದು-ರಫ್ತುದಾರರ ಸಂಕೇತ ಸಂಖ್ಯೆ) ಇರಬೇಕು. ನೇಕಾರರ ಹೆಸರಿದ್ದರೆ ರಫ್ತು ಅವರದಾಗುತ್ತದೆ, ನೀವು ಅವರಿಗೆ ಕೊಟ್ಟ 5% ಜಿಎಸ್‌ಟಿ ರೀಫಂಡ್ ಕೇಳುವಾಗ ಸಿಕ್ಕಿಕೊಳ್ಳುತ್ತೀರಿ. ಜಿಎಸ್‌ಟಿ ಕಟ್ಟದೆ ರಫ್ತು ಮಾಡಲು ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರವನ್ನು ಪ್ರತಿ ಹಣಕಾಸು ವರ್ಷಕ್ಕೂ ಹೊಸದಾಗಿ ಸಲ್ಲಿಸಬೇಕು.

ಬ್ರಿಟನ್ನಿನ ವ್ಯಾಟ್ ರಿಟರ್ನ್ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ. ಒಂದು ಸೀರೆಯೂ ಮಾರದ ತ್ರೈಮಾಸಿಕಕ್ಕೂ ಸೊನ್ನೆ ರಿಟರ್ನ್ ಹಾಕಿ, ಬಿಲ್ಲುಗಳನ್ನು 6 ವರ್ಷ ಇಟ್ಟುಕೊಳ್ಳಿ.