ಕ್ಯಾಂಪಿನಲ್ಲಿ ‘ಆಗಲ್ಲ’ ಅನ್ನಲು ನಾಚಿಕೆ ಯಾಕೆ?

ಓದುಗರ ಪ್ರಶ್ನೆ, ಡಾಕ್ಟರಮ್ಮನ ಉತ್ತರ

ಈ ಸಲ ಬಂದವುಗಳಲ್ಲಿ ಮೂರು ಪತ್ರಗಳು ಕಾಲೇಜಿನ ರಕ್ತದಾನ ಶಿಬಿರದ ಬಗ್ಗೆಯೇ ಇವೆ. ನಾನು ಬ್ಲಡ್ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಶಿಬಿರಗಳಲ್ಲಿ ತಪಾಸಣೆಯ ಮೇಜೇ ನನ್ನ ಜಾಗವಾಗಿತ್ತು. ಹಾಗಾಗಿ ಈ ತಿಂಗಳ ಪುಟವನ್ನು ಈ ಮೂರಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ನಮಸ್ತೆ ಮೇಡಂ. ನಾನು ಶಿವಮೊಗ್ಗದಲ್ಲಿ ಎರಡನೇ ವರ್ಷದ ಬಿ.ಕಾಂ. ಓದುತ್ತಿದ್ದೇನೆ. ಊರು ಹೊಸನಗರದ ಹತ್ತಿರ, ಇಲ್ಲಿ ಹಾಸ್ಟೆಲ್. ಮುಂದಿನ ತಿಂಗಳು ಕಾಲೇಜಿನಲ್ಲಿ ಕ್ಯಾಂಪ್ ಇದೆ. ಯಾವ ಕ್ಲಾಸಿನಿಂದ ಜಾಸ್ತಿ ಜನ ರಕ್ತ ಕೊಡುತ್ತಾರೋ ಅವರಿಗೆ ಶೀಲ್ಡ್. ನನ್ನ ತೂಕ 43 ಕೆ.ಜಿ. ಹೋದ ವರ್ಷ ತೂಕ ಸಾಲದು ಎಂದು ವಾಪಸ್ ಕಳಿಸಿದರು. ‘ಸೂಜಿ ನೋಡಿ ಓಡಿಹೋದ್ಲು’ ಎಂದು ಗೆಳತಿಯರು ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರು. ಈ ಸಲ ಜೇಬಿನಲ್ಲಿ ಏನಾದರೂ ಭಾರ ಇಟ್ಟುಕೊಂಡು ತೂಕದ ಮೆಷಿನ್ ಹತ್ತು ಅನ್ನುತ್ತಿದ್ದಾರೆ. ಎರಡು ಕೆ.ಜಿ. ಕಡಿಮೆ ಇದ್ದರೆ ನಿಜವಾಗಿ ಏನಾಗುತ್ತದೆ? (ಹೆಸರು ಬೇಡ)

ಉತ್ತರ: ಜೇಬಿಗೆ ಭಾರ ತುಂಬಿಕೊಂಡು ಹೋಗಬೇಡ ಮಗಳೇ. ಯಾಕೆ ಅಂತ ಲೆಕ್ಕ ಹಾಕಿಯೇ ಹೇಳುತ್ತೇನೆ, ಬಿ.ಕಾಂ. ಓದುವವಳು ನೀನು.

ಮೈಯಲ್ಲಿ ಎಷ್ಟು ರಕ್ತ ಇರುತ್ತದೆ ಅನ್ನುವುದು ತೂಕದ ಮೇಲೆ ಹೋಗುತ್ತದೆ. ಹೆಣ್ಣುಮಕ್ಕಳಲ್ಲಿ ಒಂದು ಕೆ.ಜಿ.ಗೆ ಸುಮಾರು 65 ಎಂ.ಎಲ್. ಅಂದರೆ ನಿನ್ನಲ್ಲಿರುವುದು 2.8 ಲೀಟರ್ ಆಸುಪಾಸು. ಕ್ಯಾಂಪಿನಲ್ಲಿ ಒಂದು ಚೀಲಕ್ಕೆ ತೆಗೆಯುವುದು 350 ಎಂ.ಎಲ್. ನಿನ್ನ ರಕ್ತದ ಎಂಟರಲ್ಲಿ ಒಂದು ಪಾಲು ಹತ್ತು ನಿಮಿಷದೊಳಗೆ ಹೊರಗೆ ಹೋಗುತ್ತದೆ. ನಿನ್ನ ಪಕ್ಕದ ಮಂಚದ 70 ಕೆ.ಜಿ. ಹುಡುಗನಿಂದ ಅಷ್ಟೇ ತೆಗೆದರೂ ಅವನಿಗೆ ಹದಿನಾಲ್ಕರಲ್ಲಿ ಒಂದು ಪಾಲು ಮಾತ್ರ. ಅದಕ್ಕೇ ನಮ್ಮ ದೇಶದ ನಿಯಮ 45 ಕೆ.ಜಿ.ಗೆ ಗೆರೆ ಎಳೆದಿದೆ. 450 ಎಂ.ಎಲ್. ಚೀಲಕ್ಕಾದರೆ 55 ಕೆ.ಜಿ. ದಾಟಿರಬೇಕು.

‘ನನ್ನಿಂದ ಸ್ವಲ್ಪ ಕಡಿಮೆ ತಗೊಳ್ಳಿ’ ಎಂದು ಎಷ್ಟೋ ಹುಡುಗಿಯರು ಕೇಳುತ್ತಿದ್ದರು. ಅದು ಆಗುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಚೀಲದಲ್ಲಿ ಮೊದಲೇ ಔಷಧಿ ಹಾಕಿರುತ್ತಾರೆ. ಅದರ ಅಳತೆ ಪೂರ್ತಿ ಚೀಲಕ್ಕೆ ಸರಿಯಾಗಿ ಇರುತ್ತದೆ.

ತಲೆ ಸುತ್ತಿ ಬೀಳುವುದು ಜಾಸ್ತಿ ಯಾರಿಗೆ ಗೊತ್ತಾ? ಚಿಕ್ಕ ವಯಸ್ಸಿನವರಿಗೆ, ಮೊದಲ ಸಲ ಕೊಡುವವರಿಗೆ, ತೂಕ ಕಡಿಮೆ ಇರುವವರಿಗೆ. ನೀನು ಮೂರಕ್ಕೂ ಸೇರುತ್ತೀಯ. ಮಂಚದ ಮೇಲೆಯೇ ಬಿದ್ದರೆ ಕಾಲು ಎತ್ತಿ ಹಿಡಿಯಲು ನಾವಿರುತ್ತೇವೆ. ಆದರೆ ಕೆಲವರಿಗೆ ಅದು ಗಂಟೆಗಳ ನಂತರ ಬರುತ್ತದೆ. ಕ್ಯಾಂಪ್ ಮುಗಿಸಿ ಶನಿವಾರ ಸಂಜೆ ಊರಿನ ಬಸ್ ಹತ್ತುತ್ತೀಯ, ಸೀಟು ಸಿಗುವುದಿಲ್ಲ, ತಿರುವಿನಲ್ಲಿ ಕಣ್ಣು ಕತ್ತಲೆ ಬರುತ್ತದೆ. ಆಗ ಶೀಲ್ಡ್ ಗೆದ್ದ ಕ್ಲಾಸಿನವರು ಯಾರೂ ಪಕ್ಕದಲ್ಲಿ ಇರುವುದಿಲ್ಲ.

ಇನ್ನೊಂದು ಮಾತು. ಮುಂದೆ ತೂಕ 45 ದಾಟಿದರೂ ಹಿಮೋಗ್ಲೋಬಿನ್ 12.5 ಇರಬೇಕು. ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ನೀಲಿ ದ್ರಾವಣಕ್ಕೆ ಬಿಡುವುದನ್ನು ನೋಡಿರುತ್ತೀಯ. ಹನಿ ಮುಳುಗಿದರೆ ಸೈ, ತೇಲಿದರೆ ವಾಪಸ್. ನನ್ನ ಮೇಜಿನಿಂದ ಅತಿ ಹೆಚ್ಚು ಹುಡುಗಿಯರು ವಾಪಸ್ ಹೋದದ್ದು ಈ ಹನಿ ತೇಲಿ. ಅವರು ನಾಚಿಕೊಂಡು ಎದ್ದು ಹೋಗುವುದು ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು. ರಕ್ತ ಕಡಿಮೆ ಇದೆ ಅಂತ ಗೊತ್ತಾದ ಮೇಲೆ ಡಾಕ್ಟರ ಹತ್ತಿರ ಹೋಗಿ ಐರನ್ ಮಾತ್ರೆ ಬರೆಸಿಕೊಳ್ಳಬೇಕು. ಹಾಸ್ಟೆಲ್ ಊಟದ ಜೊತೆಗೇ ಟೀ ಕುಡಿಯುವುದನ್ನು ಬಿಡಬೇಕು. ಊಟದಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತದಂತೆ ಟೀ ತಡೆಯುತ್ತದೆ. ಊರಿಂದ ನೆಲ್ಲಿಕಾಯಿ ತಂದು ಊಟದ ಜೊತೆ ತಿನ್ನು, ಅದು ಹತ್ತಿಸುತ್ತದೆ. ಮುಟ್ಟಿನ ದಿನಗಳಲ್ಲಿ ರಕ್ತ ಕೊಡುವ ಹಾಗಿಲ್ಲ, ಅದನ್ನು ಹೇಳಲೂ ಸಂಕೋಚ ಬೇಡ.

ಸೂಜಿ ಕಂಡರೆ ನಿಜವಾಗಿಯೂ ಹೆದರಿಕೆ ಇದ್ದರೆ? ಅದೂ ಸಾಕಾದ ಕಾರಣವೇ. ಹೆದರಿ ಮಲಗಿದವರು ಜಾಸ್ತಿ ತಲೆ ತಿರುಗಿ ಬೀಳುತ್ತಾರೆ. ಗೆಳತಿಯರಿಗೆ ‘ನನಗೆ ಆಗಲ್ಲ’ ಅಂದರೆ ಸಾಕು. ಕಾರಣ ಕೇಳುವ ಹಕ್ಕು ಇರುವುದು ತಪಾಸಣೆ ಮಾಡುವ ಡಾಕ್ಟರಿಗೆ ಮಾತ್ರ.

ಪ್ರಶ್ನೆ: ನನ್ನ ರೂಮ್‌ಮೇಟ್ ಎರಡು ತಿಂಗಳ ಹಿಂದೆ ಜಾತ್ರೆಯಲ್ಲಿ ತೋಳಿಗೆ ಹಚ್ಚೆ ಹಾಕಿಸಿಕೊಂಡಿದ್ದಾನೆ. ಮೊನ್ನೆ ಕ್ಯಾಂಪಿನ ಫಾರಂನಲ್ಲಿ ‘ಹಚ್ಚೆ ಇಲ್ಲ’ ಎಂದು ಟಿಕ್ ಮಾಡಿ ರಕ್ತ ಕೊಟ್ಟ. ಅವನ ಹಿಂದೆ ಇಡೀ ಕ್ಲಾಸ್ ಸಾಲಿನಲ್ಲಿ ನಿಂತಿತ್ತು. ‘ಹೇಗೂ ಟೆಸ್ಟ್ ಮಾಡ್ತಾರಲ್ಲ’ ಅನ್ನುತ್ತಾನೆ. ಅದು ಸರಿಯಾ? (ಇಂಜಿನಿಯರಿಂಗ್ ವಿದ್ಯಾರ್ಥಿ, ಸಾಗರ)

ಉತ್ತರ: ಸರಿಯಲ್ಲ. ಈ ಹುಡುಗನಿಗೆ ಪತ್ರ ಬಂದ ದಿನವೇ ಉತ್ತರ ಕಳಿಸಿದ್ದೇನೆ. ಅದನ್ನೇ ಇಲ್ಲೂ ಹಾಕುತ್ತಿದ್ದೇನೆ, ಇಂಥವರು ಇನ್ನೂ ಇರಬಹುದು.

ಪ್ರತಿ ಚೀಲಕ್ಕೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಕಡ್ಡಾಯ. ಆದರೆ ಸೋಂಕು ತಗಲಿದ ಮೊದಲ ಕೆಲವು ವಾರ ಪರೀಕ್ಷೆಗೆ ಅದು ಸಿಗದೇ ಹೋಗಬಹುದು. ಜಾತ್ರೆಯಲ್ಲಿ ಒಂದೇ ಸೂಜಿಯಲ್ಲಿ ಎಷ್ಟು ಜನರಿಗೆ ಹಚ್ಚೆ ಹಾಕಿದರೋ ಯಾರಿಗೆ ಗೊತ್ತು? ಅದಕ್ಕೇ ಹಚ್ಚೆ ಹಾಕಿಸಿಕೊಂಡವರು 12 ತಿಂಗಳು ಕಾಯಬೇಕು. ಪರೀಕ್ಷೆ ಬಿಟ್ಟದ್ದನ್ನು ಹಿಡಿಯುವುದು ಫಾರಂನಲ್ಲಿ ಬರೆದ ನಿಜವೊಂದೇ.

ಅವನ ಒಂದು ಚೀಲವನ್ನು ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಎಂದು ಬೇರ್ಪಡಿಸಿದರೆ ಮೂರು ರೋಗಿಗಳಿಗೆ ಹೋಗುತ್ತದೆ. ಹೆರಿಗೆಯಲ್ಲಿ ರಕ್ತ ಹೋದ ಬಾಣಂತಿಗೋ, ಡೆಂಗಿ ಬಂದ ಮಗುವಿಗೋ ಹೋಗಬಹುದು. ಪ್ಲೇಟ್‌ಲೆಟ್ ಬಾಳುವುದೇ ಐದು ದಿನ, ಹಾಗಾಗಿ ಬೇಗ ಖರ್ಚಾಗುತ್ತದೆ. ಕೆಂಪು ಕಣ ಒಂದು ತಿಂಗಳ ಮೇಲೂ ಫ್ರಿಜ್‌ನಲ್ಲಿ ಇರುತ್ತದೆ. ರಕ್ತ ತೆಗೆದುಕೊಂಡ ಬ್ಲಡ್ ಬ್ಯಾಂಕಿಗೆ ಅವನು ಇವತ್ತೇ ಫೋನ್ ಮಾಡಲಿ. ಕ್ಯಾಂಪಿನ ದಿನ, ತನ್ನ ಹೆಸರು ಹೇಳಿ ‘ನನ್ನ ರಕ್ತ ಬಳಸಬೇಡಿ’ ಅಂದರೆ ಸಾಕು. ಅಲ್ಲಿ ಬೈಯುವುದಿಲ್ಲ, ಕಾಲೇಜಿಗೂ ಹೇಳುವುದಿಲ್ಲ. ಅವನು ಫೋನ್ ಮಾಡುವಾಗ ನೀನು ಪಕ್ಕದಲ್ಲಿ ಕೂತಿರು.

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ಕಾಲೇಜಿನಲ್ಲಿ ಎನ್‌ಎಸ್‌ಎಸ್ ನೋಡಿಕೊಳ್ಳುತ್ತೇನೆ. ಈ ವರ್ಷ ನೂರು ಯೂನಿಟ್ ಆಗಲೇಬೇಕು ಎಂದು ಮೇಲಿನವರು ಹೇಳಿದ್ದಾರೆ. ರಕ್ತ ಕೊಟ್ಟವರಿಗೆ ಹಾಜರಾತಿ ಕೊಡೋಣ ಎಂದುಕೊಂಡಿದ್ದೇವೆ. ತಪ್ಪೇನಾದರೂ ಇದೆಯೇ?

ಉತ್ತರ: ಇದೆ ಮೇಷ್ಟ್ರೇ. ನಿಮ್ಮ ಶ್ರಮದ ಮೇಲೆ ನನಗೆ ಗೌರವ ಇದೆ. ಮಲೆನಾಡಿನ ಮೂಲೆ ಮೂಲೆಯಿಂದ ರೋಗಿಗಳು ಶಿವಮೊಗ್ಗಕ್ಕೆ ಬರುತ್ತಾರೆ, ಅವರಿಗೆ ರಕ್ತ ಬೇಕೇ ಬೇಕು. ಆದರೆ ಹಣ ಕೊಟ್ಟು ರಕ್ತ ತೆಗೆದುಕೊಳ್ಳುವುದನ್ನು ನಮ್ಮ ದೇಶ 1998ರ ಜನವರಿಯಿಂದ ನಿಲ್ಲಿಸಿದ್ದು ಯಾಕೆ? ಏನೋ ಸಿಗುತ್ತದೆ ಅಂದಾಗ ಜನ ಕಾಯಿಲೆ ಮುಚ್ಚಿಡುತ್ತಾರೆ ಅಂತಲೇ. ಹಾಜರಾತಿ ಕಡಿಮೆ ಇರುವ ಹುಡುಗನಿಗೆ ನಿಮ್ಮ ಆ ಹಾಜರಾತಿ ಹಣಕ್ಕಿಂತ ದೊಡ್ಡದು. ಆರು ತಿಂಗಳೊಳಗೆ ಡೆಂಗಿ ಬಂದದ್ದು, ವರ್ಷದೊಳಗೆ ಟೈಫಾಯಿಡ್ ಬಂದದ್ದು ಅವನ ಬಾಯಿಂದ ಬರುವುದಿಲ್ಲ. ನಮ್ಮದು ಮಂಗನ ಕಾಯಿಲೆಯ ಸೀಮೆ. ಕಾಡಿಗೆ ಹೋಗಿ ಬಂದು ಜ್ವರದಲ್ಲಿ ಮಲಗಿದ್ದನ್ನೂ ಹೇಳುವುದಿಲ್ಲ.

ಮೊದಲ ಪತ್ರದ ಕಾಲೇಜಿನಂತೆ ನಿಮ್ಮಲ್ಲೂ ಶೀಲ್ಡ್ ಇದ್ದರೆ ತೆಗೆಯಿರಿ. ಹಾಜರಾತಿ ಕೊಡಲೇಬೇಕು ಅಂದರೆ ತಪಾಸಣೆಗೆ ಬಂದ ಎಲ್ಲರಿಗೂ ಕೊಡಿ, ರಕ್ತ ಕೊಡಲಿ ಬಿಡಲಿ. ಪಿಯುಸಿ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಬೇಡಿ, 18 ತುಂಬಿರಲೇಬೇಕು. ಬೆಳಿಗ್ಗೆ ಮೊದಲ ಬಸ್ಸಿಗೆ ಖಾಲಿ ಹೊಟ್ಟೆಯಲ್ಲಿ ಬರುವ ಮಕ್ಕಳಿರುತ್ತಾರೆ, ಅವರಿಗೆ ಇಡ್ಲಿಯನ್ನೋ ಅವಲಕ್ಕಿಯನ್ನೋ ರಕ್ತ ಕೊಡುವ ಮುಂಚೆಯೇ ಕೊಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ತಪಾಸಣೆಯ ಮೇಜು. ಎಲ್ಲರಿಗೂ ಕಾಣುವಂತೆ ಹಾಲ್ ನಡುವೆ ಅದನ್ನು ಇಡುತ್ತಾರೆ. ಬೇರೆ ಕೋಣೆಯಲ್ಲಿಡಿ, ಬಾಗಿಲು ಹಾಕಿ, ಒಬ್ಬೊಬ್ಬರನ್ನೇ ಕರೆಯಿರಿ. ಆ ಕೋಣೆಗೆ ಇನ್ನೊಂದು ಬಾಗಿಲಿದ್ದರೆ ಇನ್ನೂ ಒಳ್ಳೆಯದು, ವಾಪಸ್ ಹೋಗುವವರು ಸಾಲಿನ ಮುಂದೆ ಹಾದು ಹೋಗಬೇಕಾಗುವುದಿಲ್ಲ. ನೂರರ ಬದಲು ಅರವತ್ತೇ ಆದರೆ ಮೇಲಿನವರಿಗೆ ಈ ಪುಟ ತೋರಿಸಿ. ಕ್ಯಾಂಪಿನ ದಿನ ಗೊತ್ತಾದ ಕೂಡಲೇ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಬ್ಲಡ್ ಬ್ಯಾಂಕಿನವರು ಒಪ್ಪಿದರೆ ಮಕ್ಕಳ ಹತ್ತಿರ ಮಾತಾಡಲು ನಾನೂ ಬಂದು ಆ ಕೋಣೆಯಲ್ಲಿ ಕೂರುತ್ತೇನೆ.