ಮುತ್ತಿನ ಓಲೆ ಹುಡುಗಿಗೆ ಮೂಗಿನ ಗೆರೆನೇ ಇಲ್ಲ

ಪ್ರಶ್ನೆ: ಪೋರ್ಟ್ರೇಟ್ ಕಲಿಯೋಕೆ ಅಂತ 17ನೇ ಶತಮಾನದ ಡಚ್ ಚಿತ್ರಕಾರ ವರ್ಮೀರ್‌ನ 'ಮುತ್ತಿನ ಓಲೆಯ ಹುಡುಗಿ' ಕಾಪಿ ಮಾಡ್ತಿದೀನಿ. ಗ್ರಿಡ್ (ಅಳತೆಗೆ ಎಳೆಯೋ ಚೌಕಗಳು) ಹಾಕಿ ಅಳತೆ ಎಲ್ಲ ಸರಿಯಾಗೇ ತಗೊಂಡಿದೀನಿ, ಆದ್ರೂ ಮುಖ ಕಾಗದ ಕತ್ತರಿಸಿ ಅಂಟಿಸಿದ ಹಾಗೆ ಚಪ್ಪಟೆಯಾಗಿ ಕಾಣತ್ತೆ. ಮೂಗಂತೂ ಎಷ್ಟು ತಿದ್ದಿದ್ರೂ ಬರ್ತಿಲ್ಲ. ಬೇರೆಯವರ ಚಿತ್ರ ನೋಡಿ ಬರೆಯೋದು ಕಳ್ಳತನ ಅಂತಾನೂ ಫ್ರೆಂಡ್ಸ್ ಹೇಳ್ತಾರೆ, ಹೌದಾ?

ಉತ್ತರ: ಮೊದಲು ಮೂಗಿಗೇ ಬರ್ತೀನಿ, ಯಾಕಂದ್ರೆ ನಿಮ್ಮ ತೊಂದರೆ ಪೂರ್ತಿ ಅಲ್ಲೇ ಇರೋ ಹಾಗಿದೆ. ನೀವು ಮೂಗಿಗೆ ಒಂದು ಗೆರೆ ಎಳೆದಿರ್ತೀರಿ ಅಂತ ನನ್ನ ಊಹೆ. ಮೂಲ ಚಿತ್ರನ ಝೂಮ್ ಮಾಡಿ ನೋಡಿ, ಮೂಗಿನ ಮೇಲ್ಭಾಗಕ್ಕೂ ಆಚೆ ಬದಿ ಕೆನ್ನೆಗೂ ಮಧ್ಯೆ ಗೆರೆನೇ ಇಲ್ಲ, ಎರಡೂ ಒಂದೇ ಬೆಳಕಿನ ಬಣ್ಣದಲ್ಲಿ ಕರಗಿ ಸೇರ್ಕೊಂಡಿವೆ, ಮೂಗು ಅಲ್ಲಿದೆ ಅಂತ ನಮ್ಮ ಕಣ್ಣೇ ತುಂಬ್ಕೊಳ್ಳತ್ತೆ. ಓಲೆನೂ ಅಷ್ಟೇ, ಮೇಲೊಂದು ದಪ್ಪ ಬಿಳಿ ಹೊಳಪು, ಕೆಳಗೆ ಕಾಲರ್‌ನ ಮಂದ ಪ್ರತಿಬಿಂಬ, ಕಿವಿಗೆ ಸಿಕ್ಕಿಸೋ ಕೊಂಡಿ ಕೂಡ ಬರೆದಿಲ್ಲ. ಗ್ರಿಡ್ ನಿಮಗೆ ಯಾವುದು ಎಲ್ಲಿದೆ ಅಂತ ಹೇಳತ್ತೆ, ಆದ್ರೆ ಯಾವ ಅಂಚು ಗಟ್ಟಿ ಇರ್ಬೇಕು, ಯಾವುದು ಕರಗಬೇಕು ಅಂತ ಹೇಳಲ್ಲ. ಕಾಪಿ ಮಾಡೋದು ಅದನ್ನ ಕಲಿಯೋಕೇ.

ಈಗಿರೋ ಕ್ಯಾನ್ವಾಸ್ ಪಕ್ಕಕ್ಕಿಡಿ. ಚಿತ್ರದ ಒಂದು ಕಪ್ಪು-ಬಿಳುಪು ಪ್ರಿಂಟ್ ತಗೊಂಡು ಕಣ್ಣು ಅರ್ಧ ಮುಚ್ಚಿ ನೋಡಿ, ವಿವರ ಎಲ್ಲ ಮಾಯವಾಗಿ ಮೂರೋ ನಾಲ್ಕೋ ಟೋನ್ (ಬೆಳಕು-ನೆರಳಿನ ಮಟ್ಟ) ಮಾತ್ರ ಉಳಿಯತ್ತೆ, ಆ ಆಕಾರಗಳನ್ನೇ ಕಡು ಕಂದು ಬಣ್ಣದ ಬರ್ಂಟ್ ಅಂಬರ್‌ನಲ್ಲಿ ತೆಳ್ಳಗೆ ಹಾಕಿ, ಕಣ್ಣು ತುಟಿ ಯಾವುದರ ಸುದ್ದಿಗೂ ಹೋಗ್ಬೇಡಿ. ವರ್ಮೀರ್ ಕೂಡ ಹಾಗೇ ಶುರು ಮಾಡಿದ್ದ. ಈ ಚಿತ್ರ ಇರೋ, ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದ ಮೌರಿತ್ಸ್‌ಹೌಸ್ ಮ್ಯೂಸಿಯಂನವರು 2018ರಲ್ಲಿ ಇದನ್ನ ಸ್ಕ್ಯಾನ್ ಮಾಡಿ ನೋಡಿದಾಗ ಅಡಿಯಲ್ಲಿ ಕಂದು, ಕಪ್ಪು ಬಣ್ಣದ ಅಗಲವಾದ ಪದರ ಸಿಕ್ತು. ಇನ್ನೂ ಚೆನ್ನಾಗಿರೋ ವಿಷಯ ಅಂದ್ರೆ ಹಿಂದಿನ ಕತ್ತಲೆ ಮೂಲತಃ ಒಂದು ಹಸಿರು ಪರದೆ, ಕಾಲಕ್ರಮೇಣ ಬಣ್ಣ ಕೆಟ್ಟು ಕಪ್ಪಾಗಿ ಕಾಣತ್ತೆ. ಹಾಗಾಗಿ ಅಲ್ಲಿ ಟ್ಯೂಬ್‌ನಿಂದ ನೇರ ಕಪ್ಪು ಬಳಿಬೇಡಿ, ಸತ್ತ ಹಾಗೆ ಕಾಣತ್ತೆ, ಸ್ವಲ್ಪ ಹಸಿರು ಬೆರೆಸಿ.

ಅಡಿ ಪದರ ಪೂರ್ತಿ ಒಣಗಿದ ಮೇಲೆ ಬಣ್ಣ. ಮುಖಕ್ಕೆ ಬಿಳಿ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಒಂದು ಕೆಂಪು, ಐವರಿ ಬ್ಲ್ಯಾಕ್ ಅನ್ನೋ ಕಪ್ಪು ಇಷ್ಟೇ ಸಾಕು, ತಲೆಬಟ್ಟೆಗೆ ಅಲ್ಟ್ರಾಮರೀನ್ ನೀಲಿ (ವರ್ಮೀರ್ ಅದನ್ನ ಲಾಪಿಸ್ ಲಾಜುಲಿ ಕಲ್ಲು ಅರೆದು ಮಾಡಿದ ಬಣ್ಣದಲ್ಲೇ ಬರೆದಿದ್ದು, ಆಗ ಅತಿ ದುಬಾರಿ). ಆಯಿಲ್ ಪೇಂಟ್ ಆದ್ರೆ ಅಡಿ ಪದರದಲ್ಲಿ ಎಣ್ಣೆ ಕಮ್ಮಿ, ಮೇಲೆ ಹೋಗ್ತಾ ಜಾಸ್ತಿ, ಉಲ್ಟಾ ಮಾಡಿದ್ರೆ ಮುಂದೆ ಬಿರುಕು ಬಿಡತ್ತೆ. ಕಣ್ಣಿನ ಹೊಳಪು, ತುಟಿ ಮೂಲೆಯ ಆ ಸಣ್ಣ ಚುಕ್ಕೆ ಎಲ್ಲಕ್ಕಿಂತ ಕೊನೆಗೆ.

ಕಳ್ಳತನ ಅನ್ನೋ ಮಾತು ತಲೆಗೆ ಹಾಕ್ಕೋಬೇಡಿ. ವರ್ಮೀರ್ ತೀರ್ಕೊಂಡಿದ್ದು 1675ರಲ್ಲಿ, ಕಾಪಿರೈಟ್ ಪ್ರಶ್ನೆನೇ ಬರಲ್ಲ. ಫ್ಲೆಮಿಶ್ ಚಿತ್ರಕಾರ ರೂಬೆನ್ಸ್ 1628ರಲ್ಲಿ ಮ್ಯಾಡ್ರಿಡ್‌ಗೆ ಹೋದಾಗ ಆಗಲೇ ದೊಡ್ಡ ಹೆಸರು ಮಾಡಿದ್ದ, ಆದ್ರೂ ಕೂತು ತನಗಿಂತ ಹಿಂದಿನ ಇಟಲಿಯ ಚಿತ್ರಕಾರ ಟಿಷಿಯನ್‌ನ ಚಿತ್ರಗಳನ್ನ ಕಾಪಿ ಮಾಡಿದ. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂ ಇವತ್ತಿಗೂ ಒಳಗೆ ಈಸಲ್ (ಚಿತ್ರ ನಿಲ್ಲಿಸೋ ಸ್ಟ್ಯಾಂಡ್) ಹಾಕಿ ಕಾಪಿ ಮಾಡೋಕೆ ಪರ್ಮಿಟ್ ಕೊಡತ್ತೆ, ಆದ್ರೆ ಮೂಲದ ಸೈಜಲ್ಲೇ ಬರೆಯೋ ಹಾಗಿಲ್ಲ, ಮೂಲ ಕಲಾವಿದನ ಸಹಿನೂ ಹಾಕೋ ಹಾಗಿಲ್ಲ. ನೀವೂ ಅದೇ ಪಾಲಿಸಿ, ಇದರ ಮೂಲ ಅಳತೆ 44.5 × 39 ಸೆಂ.ಮೀ., ನಿಮ್ಮದು ಸ್ವಲ್ಪ ದೊಡ್ಡದೋ ಚಿಕ್ಕದೋ ಇರ್ಲಿ, ಹಿಂದುಗಡೆ 'ವರ್ಮೀರ್ ನೋಡಿ ಬರೆದದ್ದು' ಅಂತ ಬರೆದಿಡಿ.

ಇದು ಮುಗಿದ ತಕ್ಷಣ ಇನ್ನೊಂದು ಕಾಪಿಗೆ ಕೈ ಹಾಕ್ಬೇಡಿ. ಮನೆಯವರನ್ನ ಯಾರನ್ನಾದ್ರೂ ಕಿಟಕಿ ಪಕ್ಕ ಎಡಗಡೆಯಿಂದ ಬೆಳಕು ಬೀಳೋ ಹಾಗೆ ಕೂರಿಸಿ ಇದೇ ಕ್ರಮದಲ್ಲಿ ಬರೀರಿ, ಹೋಲಿಕೆ ಸರಿಯಾಗಿ ಬರದಿದ್ರೂ ಪರವಾಗಿಲ್ಲ, ಮೂಗಿನ ಅಂಚು ಎಲ್ಲಿ ಕರಗ್ತಿದೆ ಅಂತ ನೀವಾಗೇ ಹುಡುಕಬೇಕು.